ಬಾವಿಯದ್ದು ಬಾವಿಗೆ

ಅನಂತಮತಿಯ ಹಠ ಮೂಡುಬಿದಿರೆ ಪೇಟೆಗೆ ಹೊಸತಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಅವಳ ಹೊಲಿಗೆಯಂಗಡಿ. ಒಮ್ಮೆ ಬಟ್ಟೆಗೆ ಕತ್ತರಿ ಹಾಕಿದ ಮೇಲೆ ಎಂಥ ದೊಡ್ಡ ಮನೆಯ ಹೆಂಗಸು ಬಂದು ಗೋಗರೆದರೂ ಅಳತೆ ಬದಲಾಗದು. ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು. ಗಿರಾಕಿ ಎದುರಿಗೆ ಕೂತಿದ್ದರೂ ಸಂಕೋಚವಿಲ್ಲದೆ ಬುತ್ತಿ ಬಿಚ್ಚುತ್ತಾಳೆ. ಇಂಥವಳಿಗೆ ಒಂದು ದಿನ ಮಂಗಳೂರಿನ ಆಸ್ಪತ್ರೆಯಿಂದ ಫೋನು ಬಂತು.

ಮಗಳು ತ್ರಿಶಾ ಹುಟ್ಟಿದ್ದು ಆ ಆಸ್ಪತ್ರೆಯ ಪ್ರಯೋಗಾಲಯದ ಉಪಕಾರದಿಂದ. ಆಗ ಉಳಿದ ಎರಡು ಭ್ರೂಣಗಳನ್ನು ಅಲ್ಲೇ ಹೆಪ್ಪುಗಟ್ಟಿಸಿ ಇಟ್ಟಿದ್ದರು. ಕಾನೂನಿನ ಪ್ರಕಾರ ಹತ್ತು ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ಅವಧಿ ಮುಗಿಯುತ್ತ ಬಂದಿದೆ, ನಾಶ ಮಾಡುವುದೋ ಸಂಶೋಧನೆಗೆ ಕೊಡುವುದೋ ಗಂಡ ಹೆಂಡತಿ ಇಬ್ಬರೂ ಬಂದು ತಿಳಿಸಿ ಎಂದರು.

ಗಂಡ ಶಶಿರಾಜನಿಗೆ ಅನುಮಾನವೇ ಇರಲಿಲ್ಲ. ಅವನ ಕಣ್ಣಿನ ಒಳಪರದೆ ವರ್ಷದಿಂದ ವರ್ಷಕ್ಕೆ ಸೊರಗುತ್ತ ಬಂದು, ಈಗ ಎದುರಿಗಿದ್ದವರನ್ನೂ ಧ್ವನಿಯಿಂದಲೇ ಗುರುತಿಸುತ್ತಾನೆ. ಭ್ರೂಣದ ಸ್ಟೆಮ್ ಸೆಲ್‌ಗಳಿಂದ ಇಂಥ ಕಣ್ಣಿಗೆ ಮದ್ದು ಹುಡುಕುತ್ತಿದ್ದಾರೆ ಎಂದು ಕಣ್ಣಿನ ಡಾಕ್ಟರು ಅವನಿಗೆ ಹೇಳಿದ್ದರು.

"ಸಂಶೋಧನೆಗೆ ಕೊಡುವ," ಎಂದ. "ನನ್ನ ಕಣ್ಣಿಗಲ್ಲ ಮಾರಾಯ್ತಿ. ಮದ್ದು ಬರುವಾಗ ನಾನು ಇರ್ತೇನೋ ಇಲ್ಲವೋ. ಯಾರದ್ದಾದ್ರೂ ಕಣ್ಣು ಉಳಿಯಲಿ."

"ಅದಕ್ಕೆ ಅವನ್ನು ಒಡೆಯಬೇಕಲ್ಲ?"

"ಕೊಡದಿದ್ರೆ ಬಿಸಾಡ್ತಾರೆ."

"ಎರಡೂ ಬೇಡ."

"ಮೂರನೆಯದ್ದು ಎಂಥ ಉಂಟು?"

ಗಂಡನ ಮಾತಿನಲ್ಲಿ ಸ್ವಾರ್ಥವಿಲ್ಲ ಎಂಬುದೇ ಅವಳಿಗೆ ಉರಿ. ಸ್ವಾರ್ಥವಿದ್ದಿದ್ದರೆ ಚೆನ್ನಾಗಿ ಜಗಳವಾಡಬಹುದಿತ್ತು.

ಅಂಗಡಿಯ ಪಾಲುದಾರಳು ತೋಡಾರಿನ ಫರ್ಹಾನ. ಹಿಂದೆ ಐದು ತಿಂಗಳ ಬಸುರಿಯಾಗಿದ್ದಾಗ ಜೀವಕ್ಕೇ ಕುತ್ತು ಬಂದು ಗರ್ಭ ತೆಗೆಸಿಕೊಂಡವಳು. ಗಿರಾಕಿಯೊಬ್ಬಳು ಅದನ್ನು ಪಾಪವೆಂದು ಪಿಸುಗುಟ್ಟಿದಾಗ, ಅನಂತಮತಿ ಹೊಲಿಯದ ಬಟ್ಟೆಯನ್ನು ಅವಳ ಕೈಗೆ ತುರುಕಿ ಮೆಟ್ಟಿಲು ಇಳಿಸಿದ್ದಳು.

"ನನ್ನದು ತಪ್ಪಲ್ಲ ಅಂತ ಹೇಳಿದ್ದು ನೀವೇ ಅಕ್ಕ," ಎಂದು ವಿಷಯ ತಿಳಿದ ಫರ್ಹಾನ ಈಗ ನೇರವಾಗಿ ಕೇಳಿದಳು. "ಹಾಗಾದ್ರೆ ಇದು ಹೇಗೆ ತಪ್ಪಾಗ್ತದೆ?"

"ನಿನಗೆ ಬೇರೆ ದಾರಿ ಇರಲಿಲ್ಲ. ಊರಿನವರು ಎಂಥ ಮಾಡ್ಬೇಕು ಅಂತ ನಾನು ಹೇಳುವುದಿಲ್ಲ ಫರ್ಹಾನ. ನನ್ನ ಎರಡರ ಜವಾಬ್ದಾರಿ ಮಾತ್ರ ನನ್ನದು."

ಮರುದಿನ ಬೆಳಿಗ್ಗೆ ಎಂದಿನಂತೆ ಬಾವಿಯ ನೀರು ಸೇದಿ ಬಟ್ಟೆಯಲ್ಲಿ ಸೋಸಿದಳು. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ ಎಂದು ಸೋಸಿಯೇ ಕುಡಿಯುವುದು ಜೈನರ ಮನೆಯ ರೂಢಿ. ತವರು ಕಕ್ಕಿಂಜೆಯಲ್ಲಿ ಮನೆ ಪಕ್ಕ ಹರಿಯುವ ತೋಡಿನ ನೀರು. ಸೋಸಿದ ಬಟ್ಟೆಯನ್ನು ತೋಡಿನಲ್ಲೇ ಜಾಲಾಡಿದರೆ ಮುಗಿಯಿತು. ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಅದನ್ನು ದಾಸವಾಳದ ಬುಡಕ್ಕೆ ಕೊಡವಿದ್ದಳು. ಅತ್ತೆ ಅಂಗಳದಿಂದಲೇ ಕೂಗಿದ್ದರು: "ಬಾವಿಯದ್ದು ಬಾವಿಗೇ ಹೋಗ್ಬೇಕು! ಮೇಲಿಂದ ಎಸೆಯುವುದೂ ಅಲ್ಲ. ಕೊಡಪಾನದಲ್ಲಿ ನೀರು ಮುಟ್ಟುವವರೆಗೆ ಇಳಿಸಿ ಬಿಡು. ಮತ್ತೆ ಬದುಕುವುದು ಬಿಡುವುದು ಅದರ ಋಣ."

ಅನಂತಮತಿ ಒದ್ದೆ ಬಟ್ಟೆ ಹಿಡಿದುಕೊಂಡೇ ಒಳಗೆ ಬಂದಳು.

"ಮೂರನೆಯದ್ದು ಉಂಟು. ನನ್ನಿಂದ ತೆಗೆದದ್ದು ನನ್ನ ಹೊಟ್ಟೆಗೇ ಬರಲಿ."

ಮಂಗಳೂರಿನ ಡಾಕ್ಟರಮ್ಮ ಕನ್ನಡಕ ತೆಗೆದು ಅವಳನ್ನು ನೋಡಿದರು. "ಈ ವಯಸ್ಸಿಗೆ ಗರ್ಭ ನಿಲ್ಲುವುದು ಅಪರೂಪ. ನಿಂತರೆ ನಿಮಗೇ ಅಪಾಯ ಆಗಬಹುದು."

"ನಿಂತರೆ ಹೆರ್ತೇನೆ. ಜೀವಕ್ಕೆ ಬಂದರೆ ನನ್ನ ಫರ್ಹಾನನ ಹಾಗೆ ತೆಗೆಸ್ತೇನೆ. ಆದ್ರೆ ಸುಮ್ಮನೆ ಎಸೆಯಲಿಕ್ಕೆ, ಒಡೆಯಲಿಕ್ಕೆ ನಾನು ಒಪ್ಪುವುದಿಲ್ಲ."

ಗಂಡನ ಒಪ್ಪಿಗೆಯೂ ಬೇಕಿತ್ತು.

"ಕೊಟ್ಟಿದ್ರೆ ಒಳ್ಳೆಯದಿತ್ತು ಅಂತಲೇ ನಾನು ಈಗಲೂ ಹೇಳುವುದು ಡಾಕ್ಟ್ರೇ," ಎಂದ ಶಶಿರಾಜ. "ಆದ್ರೆ ಹೊಟ್ಟೆ ಇವಳದ್ದು."

ಸಹಿ ಎಲ್ಲಿ ಹಾಕಬೇಕೆಂದು ಅವನಿಗೆ ಕಾಣಲಿಲ್ಲ. ಅನಂತಮತಿ ಅವನ ಬೆರಳು ಹಿಡಿದು ಜಾಗ ತೋರಿಸಿದಳು. ಅವನು ಸಹಿ ಹಾಕಿದ.

ಎರಡು ಭ್ರೂಣಗಳನ್ನೂ ಅವಳ ಗರ್ಭದಲ್ಲಿ ಇಟ್ಟರು. ಎರಡೂ ನಿಲ್ಲಲಿಲ್ಲ. ಸುದ್ದಿ ಬಂದ ಮಧ್ಯಾಹ್ನ ಹೊಲಿಗೆಯಂತ್ರದ ಮೇಲೆ ತಲೆಯಿಟ್ಟು ಅನಂತಮತಿ ಬಿಕ್ಕಿ ಬಿಕ್ಕಿ ಅತ್ತಳು. ಫರ್ಹಾನ ಅಂಗಡಿಯ ಬಾಗಿಲು ಹಾಕಿ, ಪಕ್ಕದಲ್ಲಿ ಕೂತು ತಾನೂ ಅತ್ತಳು.

ಮರುದಿನ ಬೆಳಿಗ್ಗೆ ನೀರು ಸೋಸಿ, ಬಟ್ಟೆಯಲ್ಲಿದ್ದುದನ್ನು ಕೊಡಪಾನಕ್ಕೆ ತೊಳೆದು ಹಾಕುವಾಗ ಶಶಿರಾಜ ತಡಕಾಡುತ್ತ ಬಾವಿಕಟ್ಟೆಗೆ ಬಂದ. ಇಷ್ಟು ವರ್ಷದಲ್ಲಿ ಅವನು ಈ ಕೆಲಸಕ್ಕೆ ಕೈ ಹಾಕಿದ್ದಿಲ್ಲ. ಅವಳ ಕೈಯಿಂದ ಹಗ್ಗ ತೆಗೆದುಕೊಂಡು, ಎಲ್ಲೂ ತಾಗದ ಹಾಗೆ, ನಿಧಾನವಾಗಿ ಇಳಿಸತೊಡಗಿದ. ಅನಂತಮತಿ ಬಗ್ಗಿ ನೋಡುತ್ತ ನಿಂತಳು.

"ನೀರು ಮುಟ್ಟಿತಾ?" ಎಂದು ಅವನು ಕೇಳಿದ.

"ಇಲ್ಲ, ಇನ್ನೂ ಸ್ವಲ್ಪ ಇಳಿಸಿ," ಎಂದಳು.