ನಾದಿನಿಯ ಬೈಕಿಗೆ ಎರಡನೇ ಟಾಂಕಿ

ಓಣಿಯವರೆಲ್ಲ ಅವಳನ್ನು ಟಾಂಕಿಯಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ಅರವತ್ತೊಂದು. ತಗಡಿನ ಕೆಲಸ ಕೈಗೆ ಹತ್ತಿದ್ದು ಹನ್ನೊಂದನೆಯ ವಯಸ್ಸಿಗೆ, ಲಾಟೀನು, ಆಲಿಕೆ ಮಾಡುತ್ತಿದ್ದ ಅಪ್ಪನ ಪಕ್ಕದಲ್ಲಿ ಕೂತು. ಮದುವೆಯಾಗಿ ಬಂದ ದಿನ ಅವಳ ಟ್ರಂಕಿನಲ್ಲಿ ಬಟ್ಟೆಗಳ ಅಡಿಯಿಂದ ಬೆಸುಗೆಯ ಸಾಮಾನು ಹೊರಬಿತ್ತು. ಗಂಡನ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮಣ್ಣ ಕಟ್ಕೊಂಡಿದ್ದು ಹೆಂಡ್ತೀನೋ, ಕಮ್ಮಾರನ್ನೋ?"

ಗಂಡ ದರ್ಜಿ. ಮನೆಯ ಮಹಡಿಯಲ್ಲಿ ಅವನ ಹೊಲಿಗೆ ಯಂತ್ರ, ಕೆಳಗೆ ಬೀದಿಗೆ ತೆರೆದ ಶೆಡ್ಡಿನಲ್ಲಿ ಅವಳ ಗ್ಯಾಸ್ ಸಿಲಿಂಡರು, ನೀರಿನ ತೊಟ್ಟಿ, ಸುತ್ತಿಗೆಗಳು. ಮೇಲೆ ಬಟ್ಟೆ, ಕೆಳಗೆ ಬೆಂಕಿ. ಮೂವತ್ತೈದು ವರ್ಷದಲ್ಲಿ ಒಂದು ಕಿಡಿಯೂ ಮೆಟ್ಟಿಲು ಹತ್ತಿರಲಿಲ್ಲ. ತೂತು ಬಿದ್ದ ರೇಡಿಯೇಟರು, ತುಕ್ಕು ತಿಂದ ಪೆಟ್ರೋಲ್ ಟಾಂಕಿ ಎಲ್ಲವೂ ಅವಳ ಕೈಯಿಂದ ರಿಪೇರಿಯಾಗಿ ಹೋಗುತ್ತಿದ್ದವು. ಪೆಟ್ರೋಲ್ ತುಂಬಿದ ಟಾಂಕಿಗಿಂತ ಖಾಲಿ ಟಾಂಕಿಗೆ ಹೆಚ್ಚು ಹೆದರಬೇಕು, ಒಳಗೆ ಆವಿ ಕೂತಿರುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದ. ಹಾಗಾಗಿ ಎಂಥ ಅವಸರದ ಗಿರಾಕಿ ಬಂದರೂ, ಮೂರು ಸಲ ತೊಳೆಯದೆ ಅವಳು ಹಳೆಯ ಟಾಂಕಿಗೆ ಉರಿ ತೋರಿಸುತ್ತಿರಲಿಲ್ಲ.

ಅಂದು ನಕ್ಕ ನಾದಿನಿ ಮುಂದೆ ಬಸ್ ಡ್ರೈವರಾದಳು. ಇಪ್ಪತ್ತಾರು ವರ್ಷ ಒಂದೇ ದಾರಿ: ರೈಲ್ವೆ ನಿಲ್ದಾಣದಿಂದ ಗಿರಣಿ, ಗಿರಣಿಯಿಂದ ರೈಲ್ವೆ ನಿಲ್ದಾಣ. ನಿವೃತ್ತಿಯಾದ ಮರುವಾರವೇ ದೊಡ್ಡದೊಂದು ಟೂರಿಂಗ್ ಬೈಕು ತಂದು ಶೆಡ್ಡಿನ ಮುಂದೆ ನಿಲ್ಲಿಸಿದಳು.

"ಅತ್ತಿಗೆ, ಮರಳಿನ ಬಯಲು ದಾಟಬೇಕು. ಆ ಕಡೆ ಊರು ಮುಟ್ಟೋಕೆ ಐನೂರಿಪ್ಪತ್ತು ಕಿಲೋಮೀಟರು. ನಡುವೆ ಒಂದೂ ಪೆಟ್ರೋಲ್ ಬಂಕಿಲ್ಲ."

"ಈಗಿರೋ ಟಾಂಕಿ ಎಷ್ಟು ಹಿಡಿಯುತ್ತೆ?"

"ಹದಿನಾಲ್ಕು ಲೀಟರು. ಡಬ್ಬೀಲಿ ತುಂಬಿಸಿ ಹಿಂದೆ ಕಟ್ಕೊಂಡು ಹೋಗು ಅಂತಾರೆ ಎಲ್ರೂ."

"ಎಲ್ರೂ ಹೇಳ್ತಾರೆ, ಕೂರೋಳು ನೀನು. ಬಿಸಿಲಿಗೆ ಉಬ್ಬಿದ ಡಬ್ಬಿ ಬೆನ್ನಿಗೆ ಕಟ್ಕೊಂಡು ಹೋಗ್ತೀಯಾ? ಸಾಮಾನು ಹೇರಿದ ಗಾಡಿ ಲೀಟರಿಗೆ ಇಪ್ಪತ್ತೈದು ಕೊಟ್ರೆ ಹೆಚ್ಚು. ಹದಿನಾಲ್ಕಕ್ಕೆ ಮುನ್ನೂರೈವತ್ತು. ಇನ್ನೂ ಏಳು ಬೇಕು, ಎದುರು ಗಾಳಿಗೆ ಅಂತ ಮೂರು. ಹತ್ತು ಲೀಟರಿನ ಇನ್ನೊಂದು ಟಾಂಕಿ ಮಾಡ್ತೀನಿ."

ನಾದಿನಿಗೆ ನಿಂತ ಕೊಳಗದಂಥ, ಹೊಳೆಯುವ ಟಾಂಕಿ ಬೇಕಿತ್ತು. ಟಾಂಕಿಯಕ್ಕ ಕೇಳಲಿಲ್ಲ. ಎತ್ತರದಲ್ಲಿ ಭಾರ ಕೂತರೆ ಮರಳಿನಲ್ಲಿ ಗಾಡಿ ಮಗುಚುತ್ತದೆ. ಸೀಟಿನ ಹಿಂದಿನ ಕ್ಯಾರಿಯರಿಗೆ ಅಳತೆ ತೆಗೆದು, ದಿಂಬಿನ ಹಾಗೆ ಚಪ್ಪಟೆಯಾಗಿ ತಗಡು ಕತ್ತರಿಸಿದಳು. ಒಳಗೆ ಎರಡು ಅಡ್ಡ ತಗಡು ಬೆಸೆಯುವಾಗ ನಾದಿನಿ ಇಣುಕಿದಳು.

"ಇದ್ಯಾಕೆ? ತುಂಬಿದ ಕೊಡ ತುಳುಕೋದಿಲ್ಲ ಅಂತಾರಲ್ಲ."

"ತುಂಬಿದ್ದು ತುಳುಕಲ್ಲ ಕಣೇ, ಅರ್ಧ ಆದ್ಮೇಲೆ? ನೀನು ಬ್ರೇಕ್ ಹಾಕಿದಾಗೆಲ್ಲ ಐದು ಲೀಟರ್ ಪೆಟ್ರೋಲು ಓಡಿ ಬಂದು ಗುದ್ದುತ್ತೆ. ಅದಕ್ಕೆ ಈ ಗೋಡೆ."

ಆರು ದಿನ ಹಿಡಿಯಿತು. ಹೊಸ ಟಾಂಕಿಯ ತಳ ಮುಂದಿನ ಟಾಂಕಿಯ ತಳಕ್ಕಿಂತ ಎತ್ತರದಲ್ಲಿದ್ದುದರಿಂದ ಪಂಪಿನ ಹಂಗಿರಲಿಲ್ಲ. ನಡುವೆ ಒಂದು ರಬ್ಬರ್ ಕೊಳವೆ, ಒಂದು ಪುಟ್ಟ ನಲ್ಲಿ. ನಲ್ಲಿ ತಿರುಗಿಸಿದರೆ ಹಿಂದಿನ ಪೆಟ್ರೋಲು ತಾನಾಗಿ ಮುಂದಕ್ಕೆ ಇಳಿಯುತ್ತದೆ. ಟಾಂಕಿಯೊಳಗೆ ಗಾಳಿಯಾಡಲು ಮುಚ್ಚಳದ ಪಕ್ಕದಿಂದ ಇನ್ನೊಂದು ಸಣ್ಣ ರಬ್ಬರ್ ಕೊಳವೆ. ಕಡೆಗೆ ಬಾಯಿಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿ ತುಂಬಿ, ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಹಿಡಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಮಹಡಿಯಿಂದ ಇಳಿದು ಬಂದ ಗಂಡ ಹೊಲಿಗೆ ನೋಡುವವನಂತೆ ಬೆಸುಗೆಯ ಮೇಲೆ ಬೆರಳಾಡಿಸಿ, "ನನ್ನ ಕೈಯೂ ಇಷ್ಟು ನೇರ ಓಡಲ್ಲ" ಅಂದ.

ಮರುದಿನ ಬೆಳಿಗ್ಗೆ ನಾದಿನಿ ಪರೀಕ್ಷೆಗೆ ಹೊರಟಳು. ಹಿಂದಿನ ಟಾಂಕಿ ತುಂಬಿತ್ತು, ಮುಂದಿನದರಲ್ಲಿ ಬೇಕೆಂದೇ ನಾಲ್ಕೇ ಲೀಟರು. ಹತ್ತೂವರೆಗೆ ಫೋನು ಬಂತು.

"ಅತ್ತಿಗೆ, ನಿಮ್ಮ ಟಾಂಕಿ ಕೈ ಕೊಡ್ತು! ನಲ್ಲಿ ತಿರುಗಿಸಿದ್ದೀನಿ, ಹಿಂದೆ ಭರ್ತಿ ಇದೆ, ಮುಂದೆ ಒಣಗಿ ಹೋಗಿದೆ. ರಸ್ತೆ ಮಧ್ಯೆ ನಿಂತಿದ್ದೀನಿ."

ಕೈ ಮಾಡಿದ ಕೆಲಸ ಟಾಂಕಿಯಕ್ಕನಿಗೆ ಕಣ್ಣಿಗೆ ಕಟ್ಟಿದಂತಿತ್ತು. ತೊಟ್ಟಿಯ ಅಂಚಿನಲ್ಲಿ ಕೂತು, "ಮೊದಲು ಗಾಡಿ ಪಕ್ಕಕ್ಕೆ ತಳ್ಳು. ಹಿಂದಿನ ಮುಚ್ಚಳ ಮೆಲ್ಲಗೆ ತಿರುಗಿಸು. ಏನಾದ್ರೂ ಸದ್ದು ಬಂತಾ?" ಅಂದಳು.

"ಸುಸ್ಸ್ ಅಂತು. ಅಯ್ಯೋ, ಈಗ ಕೊಳವೇಲಿ ಇಳೀತಿದೆ!"

"ಒಳಗೆ ಗಾಳಿ ಹೋಗ್ತಿರಲಿಲ್ಲ. ಉಸಿರು ಕಟ್ಟಿದ್ರೆ ಪೆಟ್ರೋಲು ಹೇಗೆ ಇಳಿಯುತ್ತೆ? ಗಾಳಿ ಕೊಳವೆ ಮೇಲೆ ಏನು ಕೂತಿದೆ ನೋಡು."

"ನನ್ನ ಬ್ಯಾಗಿನ ಪಟ್ಟಿ," ಎಂದಳು ನಾದಿನಿ ತಗ್ಗಿದ ದನಿಯಲ್ಲಿ. "ಬಿಗಿಯಾಗಿ ಎಳೆದು ಕಟ್ಟಿದ್ದೆ. ಕೊಳವೆ ಅಪ್ಪಚ್ಚಿಯಾಗಿದೆ."

ಅವಳು ಮರಳಿ ಬಂದಾಗ ಟಾಂಕಿಯಕ್ಕ ಒಂದು ಕುಹಕದ ಮಾತನ್ನೂ ಆಡಲಿಲ್ಲ. "ಪಟ್ಟಿ ಕಟ್ಟಿದ್ದು ನಿನ್ನ ತಪ್ಪಲ್ಲ. ಪಟ್ಟಿ ಬರೋ ಜಾಗದಲ್ಲಿ ಮೆತ್ತನೆ ಕೊಳವೆ ಇಟ್ಟೆನಲ್ಲ, ಅದು ನನ್ನ ತಪ್ಪು" ಎಂದು ಆ ರಬ್ಬರನ್ನು ಕಿತ್ತು, ತಾಮ್ರದ ಕೊಳವೆ ಬಗ್ಗಿಸಿ, ಕ್ಯಾರಿಯರಿನ ಅಂಚಿನಲ್ಲಿ ಯಾವ ಪಟ್ಟಿಯೂ ಮುಟ್ಟದಂತೆ ಕೂರಿಸಿದಳು. ಟಾಂಕಿ ಬಿಚ್ಚಿ, ತೊಳೆದು, ಮತ್ತೆ ತೊಟ್ಟಿಯಲ್ಲಿ ಮುಳುಗಿಸಿ ನೋಡುವ ಹೊತ್ತಿಗೆ ಎರಡು ದಿನ ಕಳೆದವು.

ನಾದಿನಿ ಗುರುವಾರ ಹೊರಟಳು. ಟಾಂಕಿಯಕ್ಕ ಅಂದು ಎರಡು ರೇಡಿಯೇಟರು ಮುಗಿಸಿದಳು, ಹೊಟ್ಟೆ ತುಂಬ ಉಂಡಳು. "ನಿನಗೆ ಯೋಚನೆ ಇಲ್ವಾ?" ಎಂದು ಗಂಡ ಕೇಳಿದ. "ರಸ್ತೆ ಅವಳಿಗೆ ಗೊತ್ತು, ಟಾಂಕಿ ನನಗೆ ಗೊತ್ತು. ಇನ್ನೇನು ಯೋಚನೆ?" ಅಂದಳು.

ಶುಕ್ರವಾರ ಮಧ್ಯಾಹ್ನ ಬಯಲಿನ ಆಚೆಯ ಊರಿನಿಂದ ಫೋನು ಬಂತು.

"ಮುಟ್ಟಿದೆ ಅತ್ತಿಗೆ! ಇನ್ನೂ ಎರಡು ಲೀಟರು ಮಿಕ್ಕಿದೆ. ಬಂಕಿನವನು ಇದು ಯಾವ ಕಂಪನಿ ಟಾಂಕಿ ಅಂತ ಕೇಳ್ದ. ನಮ್ಮತ್ತಿಗೆ ಮಾಡಿದ್ದು ಅಂದೆ, ನಂಬಲೇ ಇಲ್ಲ."

"ನಂಬದಿದ್ರೆ ಬಿಡು. ಸೋರಿತಾ?"

"ಒಂದು ಹನಿ ಇಲ್ಲ."

"ಬಯಲು ಹೇಗಿತ್ತು?"

"ಇಡೀ ದಿನ ಯಾರೂ ನಿಲ್ಲಿಸಿ ಅನ್ನಲಿಲ್ಲ ಅತ್ತಿಗೆ. ಎಲ್ಲಿ ನಿಲ್ಲಬೇಕು ಅನ್ನಿಸ್ತೋ ಅಲ್ಲಿ ನಿಂತೆ." ಆಮೇಲೆ ಸಣ್ಣ ದನಿಯಲ್ಲಿ, "ಆವತ್ತು ಟ್ರಂಕ್ ನೋಡಿ ನಕ್ಕಿದ್ದೆ. ತಪ್ಪಾಯ್ತು."

"ಮೂವತ್ತೈದು ವರ್ಷ ಬೇಕಾಯ್ತಾ ಇದನ್ನ ಹೇಳೋಕೆ? ಬಸ್ ತಡವಾಗೋದು ಕೇಳಿದ್ದೆ, ಇಷ್ಟೊಂದಲ್ಲ," ಎಂದಳು ಟಾಂಕಿಯಕ್ಕ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಸುದ್ದಿ ಬಾಯಿಂದ ಬಾಯಿಗೆ ಹರಡಿ, ದೂರ ಹೋಗುವವರು ಒಬ್ಬೊಬ್ಬರಾಗಿ ಬೈಕು ತಂದು ನಿಲ್ಲಿಸತೊಡಗಿದರು. ಅವರಿಗೆಲ್ಲ ಟಾಂಕಿಯಕ್ಕನದು ಒಂದೇ ಷರತ್ತು: ಹೊರಡುವ ದಿನ ಏನೇನು ಹೇರುತ್ತೀರೋ ಅಷ್ಟನ್ನೂ ತಂದು, ಹೇಗೆ ಕಟ್ಟುತ್ತೀರೋ ಹಾಗೇ ಕಟ್ಟಿ, ನನ್ನೆದುರು ಸೀಟಿನ ಮೇಲೆ ಕೂರಬೇಕು, ಆಮೇಲೇ ಟೇಪು ಹಿಡಿಯುತ್ತೇನೆ. ಮೊನ್ನೆ ಬಂದ ದಂತವೈದ್ಯರೊಬ್ಬರು ಇದಕ್ಕೆ ಗೊಣಗಿದರು. "ನೀವು ಬಾಯಿ ತೆಗೆಸದೆ ಹಲ್ಲು ಕಟ್ಟುತ್ತೀರಾ, ಡಾಕ್ಟ್ರೇ?" ಎಂದು ಕೇಳಿದಳು. ಅವರು ಮನೆಗೆ ಹೋಗಿ ಚೀಲ, ಡೇರೆ, ಹಾಸಿಗೆ ಸುರುಳಿ ಎಲ್ಲ ತಂದರು.