ಆತಗೂರಿನ ರೋಲರು ಮತ್ತು ನಾನು ಮೂರು ಸಲ ಬಿಚ್ಚಿದ ಪಂಪು

ಇಂಜಿನ್ನಿನ ಮುಂದೆ ನಿಂತು ಒಂದೇ ನಿಮಿಷದಲ್ಲಿ ಕಾಯಿಲೆ ಹೇಳುವ ಚಟ ನನಗಿತ್ತು. ಬಗ್ಗುವುದಿಲ್ಲ, ಮುಟ್ಟುವುದಿಲ್ಲ. ಎರಡೂ ಕೈ ಸೊಂಟಕ್ಕೆ ಕೊಟ್ಟು, ಕಣ್ಣು ಅರ್ಧ ಮುಚ್ಚಿ, ಒಂದು ಸಲ ‘ಹೂಂ’ ಎಂದರೆ ಮುಗಿಯಿತು. ಮದ್ದೂರಿನ ಹಳೇ ಹೆದ್ದಾರಿ ಪಕ್ಕ ಡೀಸೆಲ್ ಪಂಪ್ ರಿಪೇರಿ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಹೊಸ ಗಾಡಿಗಳೆಲ್ಲ ಕಂಪ್ಯೂಟರ್ ಹಚ್ಚಿ ನೋಡುವವರ ಹತ್ತಿರ ಹೋದವು. ನನ್ನ ಪಾಲಿಗೆ ಉಳಿದದ್ದು ಹಳೇ ಟ್ರ್ಯಾಕ್ಟರು, ಹಳೇ ಜನರೇಟರು, ಹಳೇ ರೋಡ್ ರೋಲರು. ಅವುಗಳಿಗೆ ಈ ಸಿದ್ದರಾಮು ಒಬ್ಬನೇ ಗತಿ ಎಂದು ನಂಬಿಕೊಂಡಿದ್ದೆ. ಅವುಗಳ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಕೆಂಪರಾಜು ಫೋನ್ ಮಾಡಿದ. ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು, ಈಗ ಸಣ್ಣಪುಟ್ಟ ರಸ್ತೆಗಳ ಕಂಟ್ರಾಕ್ಟರು. ಆತಗೂರಿನ ಹತ್ತಿರ ಕೆರೆ ಏರಿ ಪಕ್ಕದ ರಸ್ತೆಗೆ ಟಾರು ಹಾಕಿಸುತ್ತಿದ್ದ.

“ಲೇ ಸಿದ್ದರಾಮು, ರೋಲರ್ ಪಂಪು ಸೋರ್ತಾ ಅದೆ ಕಣ್ಲಾ. ಡೀಸೆಲ್ ಬಿದ್ದ ಕಡೆಯೆಲ್ಲಾ ಒಸ ಟಾರು ಕರಗಿ ಜಲ್ಲಿ ಎದ್ದು ಬತ್ತಾ ಅದೆ. ರೋಡ್ ಮಾಡೋ ರೋಲರ್ರೇ ರೋಡ್ ಆಳು ಮಾಡ್ತಾ ಅದೆ. ಸೋರೋದು ನಿಲ್ಲೋಗಂಟ ಕೆಲ್ಸ ನಿಲ್ಸು ಅಂದವ್ರೆ ಇಂಜಿನಿಯರ್ರು.”

ಹೋದೆ. ರೋಲರಿನ ಪಕ್ಕ ನಾಗರತ್ನ ನಿಂತಿದ್ದಳು. ಚಿಕ್ಕರಸಿನಕೆರೆಯ ಹೆಣ್ಣುಮಗಳು, ನಲವತ್ತರ ಆಸುಪಾಸು. ಆ ರೋಲರನ್ನು ಮೊದಲು ಓಡಿಸುತ್ತಿದ್ದವನು ಅವಳ ಗಂಡ ಚಲುವರಾಜು. ಅವನಿಗೆ ಬೆನ್ನುಮೂಳೆ ಕೈಕೊಟ್ಟು ಸೀಟಿನಲ್ಲಿ ಕೂರಲಾಗದೆ ಹೋದಾಗ, ಅದೇ ಕೆಲಸದಲ್ಲಿ ಜಲ್ಲಿ ಹೊರುತ್ತಿದ್ದ ಇವಳು ಬುಟ್ಟಿ ಇಳಿಸಿ ಮೇಲೆ ಹತ್ತಿ ಕೂತಳು. ಆರು ವರ್ಷದಿಂದ ಇಳಿದಿಲ್ಲ.

ನಾನು ಸೊಂಟಕ್ಕೆ ಕೈ ಕೊಟ್ಟು ನಿಂತೆ. ಇಂಜಿನ್ನಿಗೆ ಡೀಸೆಲ್ ಅಳೆದು ಒತ್ತುವ ಪಂಪಿನ ಮೈಯೆಲ್ಲ ಒದ್ದೆ, ತಳದಿಂದ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. “ಸೀಲು ಓಗದೆ,” ಎಂದೆ.

ನಾಗರತ್ನ ಮೆಲ್ಲಗೆ ಕೇಳಿದಳು: “ಒಂದ್ಸಲ ಎಲ್ಲಾ ತೊಳ್ದು ನೋಡಾನ್ವಾ ಅಣ್ಣ?”

“ತೊಳ್ಯಕೆ ಇದೇನು ಎಮ್ಮೆ ಏನವ್ವಾ?” ಎಂದು ನಾನೇ ಜೋರಾಗಿ ನಕ್ಕೆ. ನನ್ನ ಜೊತೆ ಬೇರೆ ಯಾರೂ ನಗಲಿಲ್ಲ ಎಂಬುದು ಈಗ ನೆನಪಾಗುತ್ತದೆ.

ಪಂಪು ಬಿಚ್ಚಿ ಅಂಗಡಿಗೆ ಒಯ್ದು ಸೀಲು, ವಾಷರುಗಳನ್ನೆಲ್ಲ ಬದಲಾಯಿಸಿ ಮಾರನೇ ದಿನ ತಂದು ಕೂರಿಸಿದೆ. ಮತ್ತೆ ಅದೇ ಜಾಗಕ್ಕೆ ಕೂರಿಸಲು ಬಿಚ್ಚುವ ಮೊದಲು ಗೇರಿನ ಹಲ್ಲಿಗೆ ಗುರುತು ಹಾಕಿಕೊಳ್ಳಬೇಕು. ಗುರುತು ಹೊಸಬರಿಗೆ, ನನಗಲ್ಲ ಎಂದು ಹಾಕಿರಲಿಲ್ಲ. ಒಂದು ಹಲ್ಲು ಆಚೀಚೆಯಾಯಿತು. ಸ್ಟಾರ್ಟ್ ಮಾಡಿದರೆ ರೋಲರು ಕೆಮ್ಮಿ ಕೆಮ್ಮಿ ಬಿಳೀ ಹೊಗೆ ಬಿಟ್ಟು ಏರಿಯನ್ನೇ ಮುಚ್ಚಿತು. ಹಸು ಹಿಡಿದು ಬರುತ್ತಿದ್ದ ಅದೇ ಊರಿನ ಅಜ್ಜ ಕರಿಯಯ್ಯನವರು ಮೂಗು ಮುಚ್ಚಿಕೊಂಡು, “ಸೊಳ್ಳೆಗೆ ಔಸ್ದಿ ಒಡೀತಾ ಇದ್ದೀರೇನಪ್ಪಾ?” ಎಂದು ಕೇಳಿದರು. ನಿಜವಾಗಿಯೂ ಕೇಳಿದರು, ಗೇಲಿ ಮಾಡಲಿಲ್ಲ. ಮತ್ತೆ ಬಿಚ್ಚಿ ಹಲ್ಲು ಸರಿಮಾಡಿ ಕಟ್ಟಿದೆ. ಹೊಗೆ ನಿಂತಿತು. ತೊಟ್ಟಿಕ್ಕುವುದು ಮಾತ್ರ ನಿಲ್ಲಲಿಲ್ಲ.

“ಡೂಪ್ಲಿಕೇಟ್ ವಾಷರು ಕೊಟ್ಟವ್ರೆ,” ಎಂದೆ. ಮೂರನೇ ದಿನ ಬಸ್ಸಿನಲ್ಲಿ ಮಂಡ್ಯಕ್ಕೆ ಹೋಗಿ, ಏನೂ ತಪ್ಪು ಮಾಡದ ಅಂಗಡಿಯವರ ಮೇಲೆ ಕೂಗಾಡಿ, ಬೇರೆ ತಂದು ಹಾಕಿದೆ. ಮತ್ತೆ ತೊಟ್ಟು. ಈಗ ಬೈಯಲು ಯಾರೂ ಉಳಿದಿರಲಿಲ್ಲ. ಹಾಗಾಗಿ ಪಂಪನ್ನೇ ಬೈದೆ. “ಬಾಡಿನೇ ಸೀಳೋಗದೆ. ಒಸ ಪಂಪೇ ಬೇಕು. ಈ ಮಾಡಲ್‌ಗೆ ಎಲ್ಲೂ ಸಿಕ್ಕಲ್ಲ.”

ಕೆಂಪರಾಜು ರೋಲರನ್ನು ಒಂದು ಸುತ್ತು ಹಾಕಿದ. “ಹಂಗಾರೆ ಗುಜರಿಗೆ ಆಕ್ಬುಡ್ತೀನಿ. ಬಾಡ್ಗೆಗೆ ಬೇರೆ ರೋಲರ್ ತತ್ತೀನಿ, ಅದ್ರ ಡ್ರೈವರ್ರೂ ಅದ್ರ ಜೊತೆಗೇ ಬತ್ತಾನೆ.”

ನಾಗರತ್ನಳ ಮುಖ ನೋಡಿದೆ. ನನ್ನ ಒಂದು ಮಾತಿಗೆ ಅವಳ ಸೀಟು ಹೋಗುತ್ತಿತ್ತು. ಆದರೂ ‘ಇನ್ನೊಂದು ಸಲ ನೋಡುತ್ತೇನೆ’ ಎನ್ನಲು ನನಗೆ ಬಾಯಿ ಬರಲಿಲ್ಲ. ಇಪ್ಪತ್ತಾರು ವರ್ಷದ ಹೆಸರು ಅಡ್ಡ ನಿಂತಿತ್ತು.

“ಅಣ್ಣ, ನೀವು ವಸಿ ಅಲ್ಲಿ ನೆಳ್ಳಲ್ಲಿ ಕೂತ್ಕಳಿ,” ಎಂದಳು ಅವಳು. ಹೊಂಗೆ ಮರದ ಕೆಳಗೆ ಹೋಗಿ ಕೂತೆ.

ಅವಳು ಬಟ್ಟೆ, ಬ್ರಷ್ಷು ಹಿಡಿದು ಪಂಪು, ಪೈಪು, ಸಂದುಗೊಂದು ಎಲ್ಲವನ್ನೂ ಉಜ್ಜಿ ತೊಳೆದಳು. ಒಣ ಬಟ್ಟೆಯಲ್ಲಿ ಒರೆಸಿದಳು. ಆಮೇಲೆ ಊಟದ ಚೀಲದಿಂದ ಮುಖಕ್ಕೆ ಹಾಕುವ ಪೌಡರಿನ ಡಬ್ಬಿ ತೆಗೆದು ಎಲ್ಲದರ ಮೇಲೂ ಉದುರಿಸಿದಳು. ಹತ್ತಿ ಕೂತು ಸ್ಟಾರ್ಟ್ ಮಾಡಿದಳು. ನಾನು ತಡೆಯಲಾರದೆ ಎದ್ದು ಹೋದೆ.

ಪಂಪು ಮದುವೆ ಹೆಣ್ಣಿನ ಹಾಗೆ ಬೆಳ್ಳಗೆ, ಒಣಗಿ ನಿಂತಿತ್ತು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಗೇಣುದ್ದ ಮೇಲೆ, ಮಿಕ್ಕ ಡೀಸೆಲನ್ನು ಟ್ಯಾಂಕಿಗೆ ವಾಪಸು ಒಯ್ಯುವ ಸಣ್ಣ ಪೈಪಿನ ಬುಡದಲ್ಲಿ ಪೌಡರು ಕಪ್ಪಾಯಿತು. ಪೈಪನ್ನು ಹಿಡಿದಿಡುವ ಕ್ಲಾಂಪಿಗೆ ಉಜ್ಜಿ ಉಜ್ಜಿ ಅಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಡೀಸೆಲ್ಲು ಪೈಪಿನ ಹೊಟ್ಟೆಯಡಿ ಹರಿದು, ಬಗ್ಗಿದ ಕಡೆ ನೇತಾಡಿ, ಪಂಪಿನ ತಲೆಯ ಮೇಲೆ ತೊಟ್ಟಿಕ್ಕಿತು. ನಾನು ಮೂರು ಸಲ ಹೊಟ್ಟೆ ಬಗೆದ ಪಂಪಿಗೆ ಕಾಯಿಲೆಯೇ ಇರಲಿಲ್ಲ.

ಕೆಂಪರಾಜು ಪೈಪಿನತ್ತ ಬೆರಳು ಮಾಡಿದ. “ಲೇ, ಮೇಲ್ಗಡೆ ಒಂದ್ಸಲ ಕತ್ತೆತ್ತಿ ನೋಡಕಾಗ್ಲಿಲ್ವೇನ್ಲಾ?”

ಪೈಪು ಬದಲಾಯಿಸಲು ಕಾಲು ಗಂಟೆ ಸಾಕಾಯಿತು. ನಾಗರತ್ನ ಸ್ಪ್ಯಾನರ್ ಕೊಡುತ್ತಾ, “ನೀವ್ ಕಟ್ದ ಮೇಲೆ ಮೊದ್ಲಿಗಿಂತ ಬ್ಯಾಗ ಸ್ಟಾರ್ಟ್ ಆಯ್ತಾ ಅದೆ ಅಣ್ಣ,” ಎಂದಳು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

“ಇದುನ್ನ ಯಾರವ್ವಾ ಹೇಳ್ಕೊಟ್ರು?”

“ಯಾರೂ ಇಲ್ಲ. ನಮ್ಮನೆ ಎಂಚು ಸೋರ್ದಾಗ ನೀರು ಒಲೆ ಮೇಲೆ ಬೀಳೋದು. ಒಡ್ದಿದ್ದ ಎಂಚು ಬಾಗ್ಲು ತಾವ ಇತ್ತು. ನೀರು ತೊಲೆ ಮೇಲೆ ಅರ್ಕಂಡ್ ಒಲೆಗಂಟ ಬರೋದು.”

ಡೀಸೆಲ್ ಬಿದ್ದು ಕೆಟ್ಟಿದ್ದ ಜಾಗಗಳನ್ನು ಅಗೆದು ಮತ್ತೆ ಟಾರು ಹಾಕಿದರು. ಅವಳೇ ರೋಲರು ಓಡಿಸಿದಳು. ನಾನು ಮನೆಗೆ ಹೋಗಿ ಹೆಂಡತಿ ಶೋಭಾರಾಣಿಗೆ “ಭಾರೀ ಕಷ್ಟದ ಕೇಸು” ಎಂದೆ. ಆತಗೂರಿನ ಬಸ್ಸಿನಲ್ಲಿ ಸುದ್ದಿ ನನ್ನ ಮೊಪೆಡ್ಡಿಗಿಂತ ಮೊದಲೇ ಬಂದಿತ್ತು. “ಯಾವ್ದು, ಪೌಡರ್ ಆಕಿದ್ ಕೇಸಾ?” ಎಂದಳು.

ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಚಿಕ್ಕರಸಿನಕೆರೆಗೆ ಹೋಗಿ ಅವರ ಮನೆ ಜಗಲಿ ಮೇಲೆ ಕೂತು, “ರಸ್ತೆ ಕೆಲಸ ಇಲ್ಲದ ದಿವ್ಸ ಅಂಗ್ಡಿಗ್ ಬಾ ತಾಯಿ, ಪಂಪ್ ಕೆಲ್ಸ ಪೂರ್ತಿ ಕಲಿಸ್ತೀನಿ,” ಎಂದೆ. ಚಲುವರಾಜು ಮಲಗಿದ್ದಲ್ಲಿಂದಲೇ, “ಕಲ್ಸೋರು ನೀವಾ, ಅವ್ಳಾ?” ಎಂದು ಕೇಳಿದ. ಇನ್ನೂ ಇತ್ಯರ್ಥವಾಗಿಲ್ಲ.

ಈಗ ಸೋರುವ ಜಾಗ ಹುಡುಕುವುದು ಅವಳು, ಬಿಚ್ಚುವುದು ನಾನು. ಮೊನ್ನೆ ಮಳವಳ್ಳಿಯಿಂದ ಒಬ್ಬರು ಹಳೇ ಡೋಜರಿನ ಪಂಪು ಹೊತ್ತು ತಂದರು. ಒಳಗೆ ಇಣುಕಿ, “ಅಕ್ಕ ಇಲ್ವಾ?” ಎಂದರು.

“ರಸ್ತೆ ಕೆಲ್ಸಕ್ಕೆ ಓಗವ್ರೆ, ಸೋಮ್ವಾರ ಬತ್ತಾರೆ. ನಾನಿದ್ದೀನಲ್ಲ?”

ಅವರು ಸ್ವಲ್ಪ ಯೋಚಿಸಿ, “ಪರ್ವಾಗಿಲ್ಲ, ಸೋಮ್ವಾರವೇ ಬತ್ತೀನಿ ಬುಡಿ,” ಎಂದು ಪಂಪನ್ನು ಹೊತ್ತುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.