ಚೂರಿಯ ಕೊರಳಪಟ್ಟಿ ಬಿಚ್ಚಿದ ದಿನ

ನಮ್ಮವರ ಬಲಗೈ ಮೊಣಕೈಯಿಂದ ಕೆಳಗೆ ಡೊಂಕಾಗಿತ್ತು. ಯಾರಾದರೂ ಕೇಳಿದರೆ "ಚಿಕ್ಕೋನಿದ್ದಾಗ ಮರದಿಂದ ಬಿದ್ದೆ" ಅಂದುಬಿಡುತ್ತಿದ್ದರು. ಮರ ಹತ್ತುವ ಜಾಯಮಾನವೇ ಅಲ್ಲ ಅವರದು. ಆ ಕೈ ಮುರಿದದ್ದು ಹಿಟ್ಟಿನ ಗಿರಣಿಯಲ್ಲಿ, ಹಾಡುಹಗಲಲ್ಲಿ, ನನ್ನ ಕಣ್ಣೆದುರಿಗೆ. ಮುರಿದವರು ಅವರನ್ನು ಹುಟ್ಟಿಸಿದ ಅಪ್ಪ. ಕಾರಣ ಒಂದು ಮುದಿ ನಾಯಿ. ಈಗ ಆ ಅಪ್ಪನೂ ಇಲ್ಲ, ಮಗನೂ ಇಲ್ಲ, ನಾಯಿಯಂತೂ ಎಂದೋ ಮಣ್ಣಾಯಿತು. ನೋಡಿದವಳು ನಾನು ಉಳಿದಿದ್ದೇನೆ.

ಇಲಿ ಕೊಲ್ಲುವುದು ನಮ್ಮ ಮನೆಯ ಕಸುಬು. ನನ್ನನ್ನು ಕೊಡುವಾಗ ನಮ್ಮ ಸೋದರತ್ತೆ "ಹುಡುಗ ಗೋದಾಮಿನಲ್ಲಿ ಕೆಲಸ ಮಾಡ್ತಾನೆ" ಎಂದಷ್ಟೇ ಹೇಳಿದ್ದರು. ಸುಳ್ಳೇನಲ್ಲ. ಕಾಳಿನ ಗೋದಾಮು, ಹಿಟ್ಟಿನ ಗಿರಣಿ, ಕೋಳಿ ಸಾಕುವ ಕೊಟ್ಟಿಗೆ, ಇಂಥ ಕಡೆಯೇ ಅವರ ಕೆಲಸ. ತಿನ್ನುವ ಪದಾರ್ಥ ಇರುವಲ್ಲಿ ವಿಷ ಇಡುವ ಹಾಗಿಲ್ಲ. ಬೋನು ಇಟ್ಟರೆ ದಿನಕ್ಕೊಂದು ಬಿದ್ದರೆ ಹೆಚ್ಚು. ಆದ್ದರಿಂದ ನಾಯಿ. ಮೊಣಕಾಲಿನಷ್ಟೂ ಎತ್ತರವಿಲ್ಲದ, ಒರಟು ಕೂದಲಿನ ಟೆರಿಯರ್ ನಾಯಿ. ನಮ್ಮದು ಬಿಳೀ ಹೆಣ್ಣು ನಾಯಿ, ಒಂದು ಕಿವಿ ಮಾತ್ರ ಕಂದು. ಹೆಸರು ಚೂರಿ.

ಮದುವೆಯಾದ ಹೊಸದರಲ್ಲಿ ಒಮ್ಮೆ ಗೋದಾಮಿಗೆ ಬುತ್ತಿ ಕೊಡಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಹಮಾಲಿಗಳು ಮೂಟೆಗಳನ್ನು ಒಂದೊಂದೇ ಸರಿಸುತ್ತಿದ್ದರು. ಕೊನೆಯ ಸಾಲು ಎತ್ತಿದ್ದೇ ತಡ, ನೆಲವೇ ಎದ್ದು ಓಡಿದಂತಾಯಿತು. ಚೂರಿ ಬೊಗಳಲಿಲ್ಲ. ಒಂದರ ಕುತ್ತಿಗೆ ಹಿಡಿದಳು, ತಲೆಯನ್ನು ಒಮ್ಮೆ ಅತ್ತಿತ್ತ ಒದರಿದಳು, 'ಲಟಕ್' ಎಂದಿತು, ಬಿಸಾಡಿದಳು. ಅದು ಗೋಡೆಗೆ ಬಡಿದು ಕೆಳಗೆ ಬೀಳುವ ಮೊದಲೇ ಇನ್ನೊಂದು ಬಾಯಲ್ಲಿತ್ತು. ಸುಣ್ಣ ಹೊಡೆದ ಗೋಡೆಯ ಮೇಲೆ ನನ್ನ ಎದೆಯ ಎತ್ತರಕ್ಕೆ ರಕ್ತ ಸಿಡಿದಿತ್ತು. ಒಂದು ಇಲಿ ಹೊಟ್ಟೆ ಒಡೆದು, ಕರುಳು ಎಳೆದುಕೊಂಡೇ ನನ್ನ ಕಾಲ ಹತ್ತಿರ ಬಂತು. ನಮ್ಮವರು ಕೋಲಿನಲ್ಲಿ ಅದರ ತಲೆ ಜಜ್ಜಿ, "ಅಲ್ಲೇ ಇಡು, ಕೈ ತೊಳ್ಕೊಂಡು ಬರ್ತೀನಿ" ಅಂದರು. ಅವತ್ತು ನನಗೆ ಊಟ ಸೇರಲಿಲ್ಲ. ವರ್ಷ ಕಳೆಯುವುದರೊಳಗೆ ಅದೇ ಗೋಡೆಗೆ ಒರಗಿ ನಾನೂ ಉಣ್ಣುತ್ತಿದ್ದೆ.

ಈ ಕಸುಬನ್ನು ಶುರುಮಾಡಿದವರು ಮಾವ. ಎಡಗೈಯ ಎರಡು ಬೆರಳು ಇರಲಿಲ್ಲ. ಇದ್ದ ಬೆರಳುಗಳಿಂದ ಬಿದ್ದ ಏಟು ಮಾತ್ರ ಪೂರ್ತಿ ಕೈಯದೇ ಆಗಿರುತ್ತಿತ್ತು. ಮಗನಿಗೆ ಮೀಸೆ ಬಂದ ಮೇಲೂ ಕೆನ್ನೆಗೆ ಬಾರಿಸುತ್ತಿದ್ದರು. ಅವರದೊಂದು ಕಟ್ಟಳೆ ಇತ್ತು. ಇಲಿಗೆ ಒಂದೇ ಕಚ್ಚು. ಎರಡನೇ ಸಲ ಕಚ್ಚುವ ನಾಯಿ ಮುದಿಯಾಯಿತು ಅಂತಲೇ ಲೆಕ್ಕ. ಅದು ಎರಡನೇ ಸಲ ಬಾಯಿ ಹಾಕುವಷ್ಟರಲ್ಲಿ ನಾಲ್ಕು ಇಲಿ ಓಡಿಹೋಗಿರುತ್ತವೆ, ಅರೆಜೀವದ್ದು ಅದರ ಮೂತಿ ಹರಿದಿರುತ್ತದೆ. ಅಂಥ ನಾಯಿಯನ್ನು ಅವತ್ತೇ ಸಂಜೆ ಹಿತ್ತಲಿಗೆ ಕರೆದುಕೊಂಡು ಹೋಗಿ ಸಲಿಕೆಯ ಹಿಂಬದಿಯಿಂದ ತಲೆಗೆ ಒಂದು ಹೊಡೆತ. "ಕೆಲಸದ ನಾಯಿ ಮನೆ ನಾಯಿ ಆಗಲ್ಲ. ರಕ್ತದ ರುಚಿ ನೋಡಿರೋದು, ನಾಳೆ ಮಗೂನ ಕಚ್ಚುತ್ತೆ" ಅನ್ನುತ್ತಿದ್ದರು. ಮೂರು ನಾಯಿಗಳನ್ನು ಹಾಗೆ ಮುಗಿಸಿದ್ದರು. ಮೊದಲನೆಯದರ ಹಗ್ಗ ಹಿಡಿದುಕೊಂಡು ನಿಂತವರು ನಮ್ಮವರು, ಆಗಿನ್ನೂ ಹುಡುಗ. ಮೊದಲ ಏಟು ಕಿವಿಗೆ ಬಿದ್ದು, ನಾಯಿ ಕಿರುಚುತ್ತಾ ಇವರ ಕಾಲ ಸಂದಿಗೇ ಬಂದು ಅಡಗಿತಂತೆ. ಎರಡನೇ ಏಟು ಇವರ ಕಾಲ ಸಂದಿಯಲ್ಲೇ ಬಿತ್ತಂತೆ. ನನಗೆ ಇದನ್ನು ಒಂದೇ ಒಂದು ಸಲ ಹೇಳಿದ್ದರು, ಗೋಡೆ ಕಡೆ ತಿರುಗಿ ಮಲಗಿಕೊಂಡು.

ಚೂರಿಗೆ ಒಂಬತ್ತು ತುಂಬಿದ ಮೇಲೆ ಕೋಳಿ ಕೊಟ್ಟಿಗೆಯಲ್ಲಿ ಒಂದು ಹೆಗ್ಗಣ ಸಿಕ್ಕಿತು, ಅವಳ ಅರ್ಧದಷ್ಟಿತ್ತು. ಬಿಲದೊಳಗೆ ಇಬ್ಬರೂ ಕಚ್ಚಿಕೊಂಡೇ ಸಿಕ್ಕಿಬಿದ್ದರು. ಮಣ್ಣಿನೊಳಗಿಂದ ಬರುತ್ತಿದ್ದ ಆ ಕಿರುಚಾಟಕ್ಕೆ ಕೋಳಿಗಳೆಲ್ಲ ಹಾರಾಡಿ ತಂತಿಗೆ ಬಡಿದುಕೊಂಡವು. ನಮ್ಮವರು ಮಣ್ಣು ಅಗೆದು ಹಿಂಗಾಲು ಹಿಡಿದು ಎಳೆದಾಗ ಹೆಗ್ಗಣ ಸತ್ತಿತ್ತು, ಚೂರಿಯ ಮೇಲ್ತುಟಿ ಹರಿದು ನೇತಾಡುತ್ತಿತ್ತು. ಮನೆಗೆ ತಂದು ಒಲೆಕಟ್ಟೆಯ ಮೇಲೆ ಮಲಗಿಸಿದರು. ಕೈಗೆ ಸಿಕ್ಕಿದ್ದು ನಾನು ರವಿಕೆ ಹೊಲಿಯುವ ಸೂಜಿ, ದಾರ. ನಾನು ತಲೆ ಹಿಡಿದೆ, ಅವರು ಹೊಲಿದರು. ನೋವು ತಡೆಯಲಾರದೆ ನನ್ನ ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿದಳು. ಆಗಲೇ ನಮಗೆ ಗೊತ್ತಾಗಿದ್ದು: ಕೈಯಲ್ಲಿ ಮೂರೇ ತೂತು. ಒಂದು ಕೋರೆಹಲ್ಲು ಬುಡಕ್ಕೇ ಮುರಿದಿತ್ತು.

ಅವರು ನನ್ನ ಕೈಯನ್ನೇ ನೋಡಿದರು. "ಅಪ್ಪಂಗೆ ಹೇಳ್ಬೇಡ" ಅಂದರು.

"ಹಲ್ಲಿಲ್ದೆ ಹೇಗ್ರೀ ಕೊಲ್ತಾಳೆ?"

"ಅವಳು ಹಿಡೀಲಿ. ಕೊಲ್ಲೋದು ನಾನು ನೋಡ್ಕೋತೀನಿ."

ನೋಡಿಕೊಂಡ ರೀತಿ ಹೀಗೆ. ತಮ್ಮ ಬೂಟಿನ ಹಿಮ್ಮಡಿಗೆ ಕಬ್ಬಿಣದ ಲಾಳ ಹೊಡೆಸಿದ್ದರು. ಚೂರಿ ಹಿಡಿದು ಒದರಿದ ಇಲಿ ಸಾಯದೆ ಒದ್ದಾಡಿದರೆ, ಅದು ಏಳುವ ಮೊದಲೇ ಹಿಮ್ಮಡಿಯಿಂದ 'ಧಡ್' ಅಂತ ತುಳಿದುಬಿಡುವುದು. ಅದು ಎಷ್ಟು ಚುರುಕಾಗಿ ನಡೆಯುತ್ತಿತ್ತೆಂದರೆ ನೋಡುವವರಿಗೆ ಆಟದಂತೆ ಕಾಣುತ್ತಿತ್ತು. ಗಿರಣಿಯ ಮೇಸ್ತ್ರಿ ಇವರಿಗೆ 'ಹಿಮ್ಮಡಿಯಣ್ಣ' ಅಂತಲೇ ಹೆಸರಿಟ್ಟ. "ಗಂಡ ಹೆಂಡ್ತೀಲೂ ಇಷ್ಟು ಹೊಂದಾಣಿಕೆ ಇರಲ್ಲ ಬಿಡಮ್ಮ" ಅಂತ ನನ್ನೆದುರೇ ಹಾಸ್ಯ ಮಾಡುತ್ತಿದ್ದ.

ಸಂಜೆ ಮಾವ ಜಗಲಿಯ ಮೇಲೆ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದರು. "ಒಂದಾ, ಎರಡಾ?"

"ಒಂದೇ ಅಪ್ಪ" ಅನ್ನುತ್ತಿದ್ದರು ಮಗ, ಬೂಟು ಬಿಚ್ಚುತ್ತಾ. ಆ ಬೂಟನ್ನು ಉಜ್ಜುತ್ತಿದ್ದವಳು ನಾನು. ಲಾಳದ ಮೊಳೆಗಳ ಸಂದಿಯಲ್ಲಿ ಕೂದಲು, ಎಲುಬಿನ ಚೂರು, ಕೆಲವೊಮ್ಮೆ ಒಂದು ಪೂರ್ತಿ ಕಿವಿ.

ಇವರಿಗೆ ತಿಳಿಯದೆ ಹೋದದ್ದು ಒಂದೇ. ಇಲಿ ಹಿಡಿಯುವ ನಾಯಿಗೆ ಮರಿಯಲ್ಲಿದ್ದಾಗಿಂದ ಕಲಿಸುವುದೆಲ್ಲ, ಬಾಯಲ್ಲಿರುವುದು ಸಾಯುವ ತನಕ ಬಿಡಬಾರದು ಎಂಬ ಒಂದು ಪಾಠ. ಅದನ್ನು ಇವರೇ ತಮ್ಮ ಕಾಲಿನಿಂದ ಮರೆಸಿಬಿಟ್ಟರು. ಹಿಮ್ಮಡಿಯ ಸದ್ದು ಕೇಳಿದರೆ ಬಾಯಿ ಬಿಡಬೇಕು, ಮುಂದಿನದಕ್ಕೆ ಹೋಗಬೇಕು ಅಂತ ಚೂರಿ ತಿಳಿದುಕೊಂಡಳು. ಬರಬರುತ್ತಾ ಒದರುವುದನ್ನೂ ಬಿಟ್ಟಳು. ಹಿಡಿದು ತಂದು ಬೂಟಿನ ಮುಂದೆ ನಿಲ್ಲುವಳು, 'ಧಡ್' ಅಂದ ಕೂಡಲೇ ಇಲಿಯನ್ನು ಅದರಡಿಗೇ ಬಿಡುವಳು. ಇವರು ಅದನ್ನು ಅವಳ ಜಾಣತನ ಅಂದುಕೊಂಡು ಬೀಗುತ್ತಿದ್ದರು.

ಹೀಗೇ ಎರಡು ವರ್ಷ ನಡೆಯಿತು. ಆಗ ನಾನು ಬಸುರಿ. ಗಿರಣಿಯ ರಜೆಯ ದಿನ ನೆಲದ ಹಲಗೆಗಳನ್ನೆಲ್ಲ ಕಿತ್ತು ಶುಚಿ ಮಾಡುವುದೆಂದು ಗೊತ್ತಾಯಿತು. ದೊಡ್ಡ ಕೆಲಸ. ಮಾವ ಬೆಳಿಗ್ಗೆಯೇ ಪ್ಯಾಂಟು ಹಾಕಿಕೊಂಡು, ಸಲಿಕೆ ಹೆಗಲ ಮೇಲಿಟ್ಟುಕೊಂಡು ಹೊರಟು ನಿಂತಿದ್ದರು.

"ನೀವ್ಯಾಕಪ್ಪ?"

"ಯಾಕೆ, ನನ್ನ ನಾಯೀನ ನಾನು ನೋಡಬಾರದಾ?"

ಸಲಿಕೆ ಯಾಕೆ ಅಂತ ಯಾರೂ ಕೇಳಲಿಲ್ಲ. ನಾನೂ ಹಿಂದೆಯೇ ಹೋದೆ. ತೂಕದ ಕಲ್ಲುಗಳಿಡುವ ಕಟ್ಟೆಯ ಮೇಲೆ ಹತ್ತಿ ಕೂತೆ.

ಮೊದಲನೇ ಹಲಗೆ ಎತ್ತಿದಾಗಲೇ ಬುಳುಬುಳು ಹೊರಬಂದವು. ಹಮಾಲಿಗಳು ಪ್ಯಾಂಟಿನ ಕಾಲುಗಳಿಗೆ ಹಗ್ಗ ಬಿಗಿದುಕೊಂಡು ಕೋಲು, ಇಟ್ಟಿಗೆ, ಸಿಕ್ಕಿದ್ದರಲ್ಲೆಲ್ಲ ಬಾರಿಸಿದರು. ಹಿಟ್ಟಿನ ಧೂಳು ಎದ್ದು, ಅದರ ಮೇಲೆ ರಕ್ತ ಬಿದ್ದು ನೆಲವೆಲ್ಲ ಅಂಟು. ಚೂರಿ ಹಿಡಿದು ತಂದಳು; 'ಧಡ್'. ಮತ್ತೆ ತಂದಳು, 'ಧಡ್'. ಎಲ್ಲರೂ ನಾಯಿಯ ಬಾಯಿ ನೋಡುತ್ತಿದ್ದರೆ ಮಾವ ಮಗನ ಕಾಲು ನೋಡುತ್ತಿದ್ದರು.

"ಏಯ್" ಅಂದರು. "ಆ ಕಾಲನ್ನ ಇನ್ನು ಎತ್ತಬೇಡ."

"ಅಪ್ಪ, ಕೆಲಸ ನಡೀತಿದೆ..."

"ಎತ್ತಿದ್ರೆ ಮುರೀತೀನಿ. ನಾಯಿ ಕೆಲಸ ನಾಯಿ ಮಾಡ್ಲಿ."

ಮೂಲೆಯ ಹಲಗೆ ಎದ್ದಾಗ ಒಂದು ಹೆಗ್ಗಣ ಹಾರಿತು. ಚೂರಿ ಅದರ ಬೆನ್ನು ಹಿಡಿದಳು. ಹಿಡಿದವಳು ತಂದು ಇವರ ಬೂಟಿನ ಮುಂದೆ ನಿಂತಳು. ಹೆಗ್ಗಣ ಅವಳ ಕೆನ್ನೆಯನ್ನು ಹರಿಯುತ್ತಿದೆ, ಇವಳು ತಲೆಯೆತ್ತಿ ಇವರ ಮುಖ ನೋಡುತ್ತಿದ್ದಾಳೆ. ಬೂಟು ಅಲ್ಲಾಡಲಿಲ್ಲ. ಬಿಳೀ ಮೂತಿ ಕೆಂಪಾಗುತ್ತಾ ಬಂತು. ನಮ್ಮವರ ಹಣೆಯಲ್ಲಿ ಬೆವರು. ಹಮಾಲಿಗಳೆಲ್ಲ ಕೋಲು ಇಳಿಸಿ ನಿಂತರು.

"ಒದರೇ, ಮುಂಡೇದೆ!" ಅಂತ ಗುಡುಗಿ ಮಾವ ಸಲಿಕೆಯ ಹಿಡಿಯನ್ನು ನೆಲಕ್ಕೆ ಕುಕ್ಕಿದರು. 'ಧಡ್.'

ಚೂರಿ ಸರಕ್ಕನೆ ಅವರ ಕಡೆ ತಿರುಗಿ, ಜೀವಂತ ಹೆಗ್ಗಣವನ್ನು ಅವರ ಪಾದದ ಹತ್ತಿರ ಬಿಟ್ಟಳು.

ಮಾವ ಕಾಲಿಗೆ ಹಗ್ಗ ಕಟ್ಟಿರಲಿಲ್ಲ. ಹೆಗ್ಗಣ ಪ್ಯಾಂಟಿನೊಳಗೆ ನುಗ್ಗಿತು. ಒಬ್ಬ ಹಮಾಲಿ "ಯಜಮಾನ್ರ ಮನೆಗೆ ನೆಂಟ್ರು ಬಂದ್ರು" ಅಂದ, ನಾಲ್ಕು ಜನ ನಕ್ಕರು. ಆಮೇಲೆ ತೊಡೆಯ ಹತ್ತಿರ ಬಟ್ಟೆ ಕೆಂಪಾದದ್ದು ನೋಡಿ ಹಿಂದೆ ಸರಿದರು. ಮಾವ ಬಟ್ಟೆಯ ಮೇಲಿನಿಂದಲೇ ಅದನ್ನು ಹಿಡಿದು, ಕೂಗುತ್ತಾ, ತೊಡೆ ಸಮೇತ ಕಬ್ಬಿಣದ ಕಂಬಕ್ಕೆ ಚಚ್ಚಿದರು. ಮತ್ತೆ ಚಚ್ಚಿದರು. ಒಳಗೆ ಮೆತ್ತಗಾದ ಮೇಲೂ ಚಚ್ಚುತ್ತಲೇ ಇದ್ದರು. ಕೊನೆಗೆ ಅದು ಕಾಲ ಕೆಳಗಿಂದ ಜಾರಿ ಬಿತ್ತು, ಮುದ್ದೆಯಾಗಿ. ಅವರ ಮುಖದಲ್ಲಿ ಬಣ್ಣವಿರಲಿಲ್ಲ. ಬಗ್ಗಿ ಸಲಿಕೆ ತೆಗೆದುಕೊಂಡರು.

ಚೂರಿಗೆ ಏನೂ ಗೊತ್ತಿಲ್ಲ. ಸಲಿಕೆ ಎತ್ತಿದ್ದು ಕೆಲಸಕ್ಕೇ ಅಂದುಕೊಂಡು ಬಾಲ ಅಲ್ಲಾಡಿಸುತ್ತಾ, ಇಲಿ ಎಲ್ಲಿ ಅಂತ ಹುಡುಕುತ್ತಾ ನಿಂತಿದ್ದಳು.

ಸಲಿಕೆ ಇಳಿಯಿತು. ನಡುವೆ ಇವರ ಕೈ ಬಂತು. ಒಣ ಸೌದೆ ಮುರಿದ ಹಾಗೆ ಸದ್ದಾಯಿತು. ಚರ್ಮದ ಅಡಿ ಎಲುಬು ಡೇರೆಯ ಗೂಟದ ಹಾಗೆ ಎದ್ದು ಕಂಡಿತು. ಮಾವ ಮತ್ತೆ ಎತ್ತಿದರು. ಇವರು ಎಡಗೈಯಿಂದ ಹಿಡಿಯನ್ನು ಹಿಡಿದುಕೊಂಡರು.

"ಬಿಡೋ."

"ಬಿಡಲ್ಲ."

"ಅಪ್ಪನ ಮೇಲೆ ಕೈ ಮಾಡ್ತೀಯೇನೋ?"

"ಕೈ ನೀವು ಮಾಡಿದ್ದಾಯ್ತಲ್ಲ, ನೋಡಿ." ಡೊಂಕಾಗಿ ನೇತಾಡುತ್ತಿದ್ದ ಬಲಗೈ ತೋರಿಸಿದರು. "ಎರಡು ವರ್ಷದಿಂದ ಸುಳ್ಳು ಹೇಳಿದೀನಿ ಅಪ್ಪ. ಒಂದಲ್ಲ, ಎರಡಲ್ಲ, ಇವಳು ಕಚ್ಚೋದೇ ಬಿಟ್ಟಿದಾಳೆ. ಹಲ್ಲು ಮುರಿದ ದಿನವೇ ಬಿಡಿಸಬೇಕಿತ್ತು. ನಿಮ್ಮ ಸಲಿಕೆಗೆ ಹೆದರಿ ದುಡಿಸ್ದೆ. ಕೆಡಿಸಿದ್ದು ನಾನು. ಹೊಡೆಯೋದಾದ್ರೆ ನನಗೆ ಹೊಡೀರಿ."

ಹಾಗೆಂದು ಸಲಿಕೆಯನ್ನು ಕಿತ್ತುಕೊಂಡು ಮೆಟ್ಟಿಲಿಗೆ ಓರೆಯಾಗಿ ಒರಗಿಸಿ, ಹಿಡಿಯ ನಡುವಿಗೆ ಹಿಮ್ಮಡಿಯಿಂದ ತುಳಿದರು. ಮೊದಲ ತುಳಿತಕ್ಕೆ ಮುರಿಯಲಿಲ್ಲ. ಎರಡನೆಯದಕ್ಕೆ ಮುರಿಯಿತು. ಅಷ್ಟರಲ್ಲಿ ಎಲ್ಲಿಂದಲೋ ಇನ್ನೊಂದು ಇಲಿ ಹಿಡಿದು ತಂದಿದ್ದ ಚೂರಿ, 'ಧಡ್' ಕೇಳಿದ್ದೇ ಅದನ್ನು ಅಲ್ಲೇ ಬಿಟ್ಟಳು. ಅದು ಎಲ್ಲರ ಕಾಲುಗಳ ನಡುವೆ ಓಡಿಹೋಯಿತು. ಯಾರೂ ಅಟ್ಟಿಸಲಿಲ್ಲ.

ಇವರು ಮೊಣಕಾಲೂರಿ, ಒಂದೇ ಕೈಯಲ್ಲಿ ಚೂರಿಯ ಕೊರಳಪಟ್ಟಿ ಬಿಚ್ಚಿದರು. "ಮೇಸ್ತ್ರಿ, ಇವತ್ತಿಂದ ಇವಳಿಗೆ ಕೆಲಸವಿಲ್ಲ" ಅಂದರು. ಅಲ್ಲಿಗೆ ಕಣ್ಣು ಮೇಲಾಗಿ ಹಿಟ್ಟಿನ ಮೇಲೆ ಒರಗಿದರು.

ಮಾವ ನನ್ನ ಕಡೆ ತಿರುಗಿದರು. "ಹೇಳು ನಿನ್ನ ಗಂಡನಿಗೆ. ರಕ್ತದ ರುಚಿ ನೋಡಿದ ನಾಯಿ ಪಕ್ಕ ಮಗು ಮಲಗಿಸ್ತೀಯಾ?"

ನಾನು ಕಟ್ಟೆಯಿಂದ ಇಳಿದೆ. ಮದುವೆಯಾದಾಗಿನಿಂದ ಅವರಿಗೆ ಎದುರು ಮಾತಾಡಿದವಳಲ್ಲ. "ಮಾವ, ರಕ್ತದ ರುಚಿ ನೋಡಿದವರು ನಮ್ಮನೇಲಿ ಚೂರಿ ಒಬ್ಬಳೇ ಏನಲ್ಲ. ಎಲ್ಲರ ಜೊತೆ ಮಲಗೋ ಮಗು ಅವಳ ಜೊತೆಗೂ ಮಲಗುತ್ತೆ" ಅಂದೆ.

ಅವರು ಹೊಡೆಯಲಿಲ್ಲ. ತೊಡೆ ಹಿಡಿದುಕೊಂಡು ಮೂಟೆಯ ಮೇಲೆ ಕೂತುಬಿಟ್ಟರು.

ಕೈ ಸೊಟ್ಟಗೇ ಕೂಡಿಕೊಂಡಿತು. ಆಮೇಲೆ ಇವರು ಎಡಗೈಯಲ್ಲಿ ಕೋಲು ಹಿಡಿಯುವುದನ್ನು ಕಲಿತರು. ಹೊಸ ಮರಿ ತಂದರು, ಅದರ ನಂತರ ಇನ್ನೂ ನಾಲ್ಕು ನಾಯಿ ದುಡಿದವು. ಯಾವುದರ ಕೋರೆಹಲ್ಲು ಮುರಿದರೂ ಅವತ್ತೇ ಕೊರಳಪಟ್ಟಿ ಬಿಚ್ಚುತ್ತಿದ್ದರು, ಮುಂದಿನ ಮರಿ ಸಿದ್ಧವಿದ್ದರೂ ಸರಿ, ಇಲ್ಲದಿದ್ದರೂ ಸರಿ. ಲಾಳ ಕೀಳಿಸಿ ಬೂಟಿಗೆ ರಬ್ಬರು ಹಾಕಿಸಿದರು. ಹೆಸರು ಮಾತ್ರ ಹಿಮ್ಮಡಿಯಣ್ಣ ಅಂತಲೇ ಉಳಿಯಿತು.

ಚೂರಿ ಒಲೆಯ ಪಕ್ಕ ಮೂರು ವರ್ಷ ಬದುಕಿದಳು. ಮಗಳು ನಡೆಯಲು ಕಲಿತು ನೆಲಕ್ಕೆ ಹೆಜ್ಜೆ ಬಡಿದರೆ ಸಾಕು, ಬಾಯಲ್ಲಿದ್ದ ಎಲುಬನ್ನು ತಂದು ಅವಳ ಕಾಲಡಿ ಇಟ್ಟು ಕಾಯುತ್ತಿದ್ದಳು. ಮಗು ತುಳಿಯುವುದಿಲ್ಲ ಅಂತ ಕೊನೆಯವರೆಗೂ ಅವಳಿಗೆ ಅರ್ಥವಾಗಲಿಲ್ಲ.

ಮಾವ ಹಾಸಿಗೆ ಹಿಡಿದದ್ದು ಬಹಳ ಕಾಲದ ಮೇಲೆ. ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ನಮ್ಮವರೇ ಅನ್ನ ಹಿಸುಕಿ, ಆ ಡೊಂಕು ಕೈಯಲ್ಲಿ ತಿನ್ನಿಸುತ್ತಿದ್ದರು. ಒಂದು ಮಧ್ಯಾಹ್ನ ತುತ್ತು ನುಂಗಲಾಗದೆ ಉಗುಳಿ, ಮಗನ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು:

"ಸಲಿಕೆ ಎಲ್ಲಿಟ್ಟಿದೀಯೋ?"

ಇವರು ಅವರ ಗದ್ದ ಒರೆಸಿದರು. "ಅದಕ್ಕೆ ಹಿಡಿ ಇಲ್ಲ ಅಪ್ಪ. ಆವತ್ತೇ ಮುರೀಲಿಲ್ವಾ" ಅಂದರು. ಇನ್ನೊಂದು ತುತ್ತನ್ನು ಇನ್ನಷ್ಟು ಮೆತ್ತಗೆ ಹಿಸುಕಿ ಬಾಯಿಗಿಟ್ಟರು.